ಅವಸರ ಅರಿಯದ ಕೈ

(ಸಿಂಧನೂರಿನಲ್ಲಿ ಮಕ್ಕಳ ಚಿತ್ರಕಥೆ ಪ್ರದರ್ಶನ ಉದ್ಘಾಟಿಸಿ ಆಡಿದ ಮಾತು)

ಚಿತ್ರಕಥೆಯ ಇತಿಹಾಸ ಹೇಳಿ ಎಂದು ಸಂಘಟಕರು ಕೇಳಿದ್ದರು. ಅದನ್ನು ಬಲ್ಲವರು ಬೇರೆ ಇದ್ದಾರೆ. ನಾನು ಡ್ರಾಯಿಂಗ್ ಮಾಸ್ತರ. ನನಗೆ ಗೊತ್ತಿರುವುದು ಒಬ್ಬ ಕಲಾವಿದನ ಕೈ. ಅವನ ಬಗ್ಗೆಯೇ ಮಾತಾಡುತ್ತೇನೆ.

ನಮ್ಮ ತಲೆಮಾರಿಗೆ ಕಥೆ, ಚಿತ್ರ ಎರಡೂ ಸಿಕ್ಕಿದ್ದು ಚಂದಮಾಮದಲ್ಲಿ. ಕನ್ನಡದಲ್ಲಿ ಅದು ಶುರುವಾದದ್ದು 1949ರಲ್ಲಿ. ಹೆಣವನ್ನು ಹೆಗಲಿಗೇರಿಸಿಕೊಂಡು, ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬಿಡಿಸಿದ ಶಂಕರ್ ಆ ಪತ್ರಿಕೆಗೆ ಸುಮಾರು ಆರು ದಶಕ ದುಡಿದರು. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮಶ್ರೀ ಬಂತು. ಅವರಿಗೆ ದೊಡ್ಡ ನಮಸ್ಕಾರ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಇನ್ನೊಬ್ಬ ಕಲಾವಿದ, ಓದುಗರನ್ನು ಕಾಯಿಸಿದವನು. ಜಪಾನಿನ ಕೆಂಟಾರೊ ಮಿಯುರಾ. 'ಬರ್ಸರ್ಕ್' ಎಂಬ ಚಿತ್ರಕಥೆಯನ್ನು 1989ರಲ್ಲಿ ಶುರುಮಾಡಿದ. ತನ್ನಷ್ಟೇ ಎತ್ತರದ ಕತ್ತಿ ಹೊತ್ತ ಗಟ್ಸ್ ಎಂಬ ಒಂಟಿ ಯೋಧನ ಕಥೆ ಅದು. ಮಕ್ಕಳೇ, ಅದರಲ್ಲಿ ಹಿಂಸೆ ಬಹಳ ಇದೆ, ನೀವು ಈಗಲೇ ಓದುವಂಥದ್ದಲ್ಲ. ದೊಡ್ಡವರಾದ ಮೇಲೆ ಓದಿ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಹಳೇ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಅದರ ಒಂದು ಸಂಪುಟ ತಂದುಕೊಟ್ಟ. ಕಥೆ ಆಮೇಲೆ ಓದಿದೆ. ಮೊದಲು ಭೂತಗನ್ನಡಿ ಹಿಡಿದು ಕೂತೆ. ಒಂದು ಚೌಕಟ್ಟಿನಲ್ಲಿ ಯೋಧನ ಹೆಗಲಿನ ಉಕ್ಕಿನ ತಗಡು. ಬೆಳಕು ಬಿದ್ದ ಕಡೆ ಬಿಳಿ ಹಾಳೆ ಹಾಗೇ ಇದೆ, ಒಂದು ಗೆರೆಯೂ ಇಲ್ಲ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಕೂದಲೆಳೆಯಂಥ ಗೆರೆಗಳು ಒತ್ತೊತ್ತಾಗುತ್ತವೆ, ತಗಡು ಬಾಗುವ ಕಡೆಗೇ ತಾವೂ ಬಾಗುತ್ತವೆ. ಮೊಳೆಗೊಂದು ನೆರಳು. ತಗಡಿನ ಕೆಳಗಿನ ಚರ್ಮದ ಪಟ್ಟಿಯಲ್ಲಿ, ಬಿಗಿದು ಬಿಗಿದು ಅಗಲವಾದ ತೂತು. ಆ ಚೌಕಟ್ಟಿನಲ್ಲೇ ಯೋಧನ ಹಿಂದೆ ಇಡೀ ಸೈನ್ಯ ನಿಂತಿದೆ. ದೂರದವರೆಂದು ಅವರನ್ನು ಚುಕ್ಕೆ ಇಟ್ಟು ಮುಗಿಸಿಲ್ಲ.

ಇಷ್ಟು ಕೆಲಸಕ್ಕೆ ಹೊತ್ತು ಬೇಡವೇ? ಅವನ ಕಥೆ ಹೆಚ್ಚು ಕಾಲ ಬರುತ್ತಿದ್ದದ್ದು 'ಯಂಗ್ ಅನಿಮಲ್' ಪತ್ರಿಕೆಯಲ್ಲಿ, ತಿಂಗಳಿಗೆ ಎರಡು ಸಂಚಿಕೆ. ಮೊದಮೊದಲು ಕಂತುಗಳು ಬಿಡದೆ ಬಂದವು. ಬರಬರುತ್ತ ವರ್ಷಕ್ಕೆ ನಾಲ್ಕೈದು ಬಂದರೆ ಹಬ್ಬ ಎನ್ನುವಂತಾಯಿತು. ಗಟ್ಸ್ ಮತ್ತು ಅವನ ಸಂಗಡಿಗರು ಹಡಗು ಹತ್ತಿದರು. ಅವರು ಇಳಿಯುವ ಹೊತ್ತಿಗೆ ನಮ್ಮ ಲೋಕದಲ್ಲಿ ವರ್ಷಗಳೇ ಉರುಳಿದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ನೀರಿಗೆ ಕಾಯುವ ಹಾಗೆ ನಾವು ಓದುಗರು ಕಾದೆವು. ಕೆಲವರು ಬೈದರು. ನಾನು ಬೈಯಲಿಲ್ಲ. ಬಂದ ಕಂತಿನಲ್ಲಿ ಅವನು ಕೈ ಬಿಗಿಹಿಡಿದ ಜಾಗ ಒಂದೂ ಕಾಣುತ್ತಿರಲಿಲ್ಲ.

2021ರ ಮೇ 6ರಂದು ಮಿಯುರಾ ತೀರಿಕೊಂಡ. ಮಹಾಧಮನಿ ಸೀಳಿತ್ತು. ವಯಸ್ಸು 54. ಆಗ ನಮ್ಮಲ್ಲಿ ಕೊರೊನಾದ ಎರಡನೇ ಅಲೆ, ದಿನಾ ಒಂದಲ್ಲ ಒಂದು ಸಾವಿನ ಸುದ್ದಿ. ಆ ಸುದ್ದಿಗಳ ನಡುವೆ, ಕಾಣದ ದೇಶದ ಈ ಮನುಷ್ಯನಿಗಾಗಿಯೂ ಅತ್ತೆ. 32 ವರ್ಷದ ಕೆಲಸ, 40 ಸಂಪುಟ, ಕಥೆ ಮಾತ್ರ ಮುಗಿದಿರಲಿಲ್ಲ. ಹೈಸ್ಕೂಲಿನಿಂದ ಅವನ ಗೆಳೆಯನಾಗಿದ್ದ ಕೌಜಿ ಮೋರಿ, ತಾನೂ ಚಿತ್ರಕಥೆಗಾರ, ಎಷ್ಟೋ ವರ್ಷಗಳ ಹಿಂದೆಯೇ ಕಥೆಯ ಕೊನೆಯನ್ನು ಮಿಯುರಾನ ಬಾಯಿಂದ ಕೇಳಿದ್ದ. ಅವನು ಹೇಳಿದ್ದನ್ನಷ್ಟೇ ತರುತ್ತೇನೆ, ನನ್ನದೇನೂ ಸೇರಿಸುವುದಿಲ್ಲ ಎಂದು ಮಾತು ಕೊಟ್ಟು, ಮಿಯುರಾನ ಸಹಾಯಕರನ್ನು ಕೂಡಿಸಿಕೊಂಡು 2022ರ ಜೂನ್‌ನಲ್ಲಿ ಕಥೆ ಮುಂದುವರಿಸಿದ. ಆ ಸಹಾಯಕರ ಗೆರೆಯಲ್ಲಿ ಗುರುವಿನ ತಾಳ್ಮೆ ಕಾಣುತ್ತದೆ. ನನಗೆ ಅಷ್ಟು ಸಾಕು.

ಈಗ ನನ್ನ ಸಂಕಟ ಹೇಳುತ್ತೇನೆ, ಇದಕ್ಕೇ ನಾನು ಬಂದದ್ದು. ನಮ್ಮ ತಾಲ್ಲೂಕುಗಳಲ್ಲಿ ಚಿತ್ರಕಲೆ ಎಂದರೆ ಸ್ಪರ್ಧೆ, ಸ್ಪರ್ಧೆ ಎಂದರೆ ಒಂದು ತಾಸು. ಗಂಟೆ ಬಾರಿಸಿದ ಕೂಡಲೇ ಹಾಳೆ ಕಿತ್ತುಕೊಳ್ಳುತ್ತಾರೆ. ಒಂದು ಕಡೆ ತೀರ್ಪುಗಾರನಾಗಿದ್ದಾಗ ನೋಡಿದೆ, ಹುಡುಗಿಯೊಬ್ಬಳು ಭತ್ತದ ನಾಟಿ ಬಿಡಿಸುತ್ತಿದ್ದಳು. ಬಾಗಿದ ಹೆಂಗಸಿನ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೆಸರಿನಲ್ಲಿ ಮುಳುಗಿದ ಮೀನಖಂಡ, ಎಲ್ಲ ಕಣ್ಣಾರೆ ಕಂಡದ್ದು. ಒಬ್ಬಳ ಚಿತ್ರ ಮುಗಿದಿತ್ತು, ಉಳಿದ ಗದ್ದೆ ಖಾಲಿ. 'ಅಪೂರ್ಣ' ಎಂದು ಬರೆದು ಅವಳ ಹಾಳೆ ಬದಿಗಿಟ್ಟರು. ಬಹುಮಾನ ಹೋದದ್ದು ಗುಡ್ಡ, ಸೂರ್ಯ, ತೆಂಗಿನಮರಕ್ಕೆ. ನಾನು ಒಪ್ಪಲಿಲ್ಲ, ಬಹುಮತ ನನ್ನ ಕಡೆ ಇರಲಿಲ್ಲ.

ನಮ್ಮ ನೆಲಕ್ಕೆ ನಿಧಾನದ ಕೈ ಹೊಸದಲ್ಲ. ಕೃಷ್ಣೆಯ ಆಚೆ ಸುರಪುರದ ಚಿತ್ರಕಾರರು ಸಣ್ಣ ಸಣ್ಣ ಚಿತ್ರಗಳಲ್ಲಿ ಬಂಗಾರ ಕೂರಿಸಿ ಎಷ್ಟು ನವಿರಾಗಿ ಕೆಲಸ ಮಾಡಿದರೆಂದು ಪಾಲಕರು ಒಮ್ಮೆಯಾದರೂ ಮಕ್ಕಳಿಗೆ ತೋರಿಸಬೇಕು. ಈಗ ಫ್ಲೆಕ್ಸಿನ ಕಾಲ, ಬೆಳಗ್ಗೆ ಹೇಳಿದರೆ ಸಂಜೆಗೆ ಕಟ್ಟಬಹುದು. ಅದೇ ವೇಗವನ್ನು ಹತ್ತು ವರ್ಷದ ಕೈಯಿಂದ ಕೇಳಬಾರದು.

ಸಂಘಟಕರಲ್ಲಿ ನನ್ನ ಬೇಡಿಕೆ ಎರಡು. ಮುಂದಿನ ವರ್ಷ ವಿಷಯ ಮೊದಲೇ ಕೊಟ್ಟುಬಿಡಿ, ಹಾಳೆ ಮನೆಗೆ ಕಳಿಸಿ, ತಿಂಗಳು ಬಿಟ್ಟು ತರಲಿ. ಮತ್ತೆ, ಬರುವಾಗ ನೋಡಿದೆ, ಪೂರ್ತಿಯಾಗದ ಕೆಲವು ಚಿತ್ರಕಥೆಗಳನ್ನು ಮೇಜಿನ ಕೆಳಗೆ ಕಟ್ಟಿಟ್ಟಿದ್ದೀರಿ. ಇವತ್ತೇ ಆ ಕಟ್ಟು ಬಿಚ್ಚಿ, ಉಳಿದವುಗಳ ಜೊತೆಗೇ ತೂಗುಹಾಕಿ, ಮಕ್ಕಳ ಹೆಸರು ಬರೆಯಿರಿ. ನಾನೂ ಕೈಜೋಡಿಸುತ್ತೇನೆ. ಪ್ರದರ್ಶನ ಉದ್ಘಾಟನೆಯಾಗಿದೆ.