ಚಪ್ಪಾಳೆ ತಟ್ಟದಿರುವ ಹಕ್ಕು

ಈ ಉಪನ್ಯಾಸ ಮಾಲೆಯಲ್ಲಿ ವಿಡಿಯೊ ಗೇಮ್ ಬಗ್ಗೆ ಮಾತಾಡುತ್ತೇನೆ ಅಂದಾಗ ಹಿರಿಯರೊಬ್ಬರು, "ಅದರಲ್ಲಿ ಮಾತಾಡೋದೇನಿದೆ, ಆಡಬೇಕಷ್ಟೆ" ಅಂದರು. ಒಪ್ಪಿದೆ. ನನ್ನ ವಿಷಯ ಆಟ ಅಂಗಡಿಗೆ ಬರುವ ಮುಂಚೆ ಕಂಪನಿಗಳು ಆಡುವ ಆಟ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರತಿ ವರ್ಷ ಜೂನ್ ಆಸುಪಾಸಿನಲ್ಲಿ ಮೈಕ್ರೋಸಾಫ್ಟ್, ಸೋನಿ, ನಿಂಟೆಂಡೊ, ಯೂಬಿಸಾಫ್ಟ್ ಮೊದಲಾದ ಕಂಪನಿಗಳು ಮುಂದೆ ಬರಲಿರುವ ಆಟಗಳನ್ನು ತೋರಿಸಲು ದೊಡ್ಡ ಪ್ರದರ್ಶನ ಇಟ್ಟುಕೊಳ್ಳುತ್ತವೆ. ಲಾಸ್ ಏಂಜಲೀಸಿನಲ್ಲಿ ಬೆಳಿಗ್ಗೆ 10 ಗಂಟೆ ಅಂದರೆ ಆ ದಿನಗಳಲ್ಲಿ ನಮಗೆ ರಾತ್ರಿ 10:30. ಮನೆಯವರು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುವವರು ನಮ್ಮಲ್ಲೂ ಸಾಕಷ್ಟಿದ್ದಾರೆ. ಹಿಂದಿನ ಸಾಲಿನಲ್ಲಿ ನಗುತ್ತಿರುವವರು ಅವರೇ ಇರಬೇಕು. ಒಂದು, ಒಂದೂವರೆ ಗಂಟೆಯ ಶುದ್ಧ ಜಾಹೀರಾತನ್ನು ಜನ ತಾವಾಗಿ, ನಿದ್ದೆಗೆಟ್ಟು, ಖುಷಿಯಿಂದ ನೋಡುತ್ತಾರೆ. ಬೇರೆ ಯಾವ ವ್ಯಾಪಾರಕ್ಕೂ ಈ ಭಾಗ್ಯ ಇದ್ದಂತಿಲ್ಲ.

ಜಾಹೀರಾತು ಅನ್ನುವ ಕಾರಣಕ್ಕೆ ನನಗೆ ಇದರ ಮೇಲೆ ಕೋಪವಿಲ್ಲ. ಮಾರುವವನು ಕೂಗಲೇಬೇಕು. ಆದರೆ ಹಿಂದೆ ಕೂಗುವವನ ಎದುರಿಗೆ ಜನ ಕೂತಿರುತ್ತಿದ್ದರು, ಚೆನ್ನಾಗಿಲ್ಲದಿದ್ದರೆ ಸುಮ್ಮನಿರುತ್ತಿದ್ದರು. ಆ ಮೌನಕ್ಕೆ ಕಂಪನಿಗಳು ಹೆದರುತ್ತಿದ್ದವು. ಈಗ ಆ ಹೆದರಿಕೆ ಹೋಗಿದೆ. ಅದು ನಮಗೆ ಆದ ನಷ್ಟ ಅನ್ನುವುದು ನನ್ನ ವಾದ.

ಗೇಮ್ ಕಂಪನಿಗಳು ಒಂದೆಡೆ ಸೇರಿ ಇಂಥ ಪ್ರದರ್ಶನ ನಡೆಸುತ್ತಿದ್ದ ಮೇಳದ ಹೆಸರು ಇ3. ಮೊದಲ ಇ3 ನಡೆದದ್ದು 1995ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್ ಕನ್ವೆನ್ಷನ್ ಸೆಂಟರಿನಲ್ಲಿ. ಸೆಗಾ ಕಂಪನಿಯ ಟಾಮ್ ಕಲಿನ್‌ಸ್ಕಿ ವೇದಿಕೆಗೆ ಬಂದು ತಮ್ಮ ಹೊಸ ಯಂತ್ರ ಸ್ಯಾಟರ್ನ್‌ನ ಬೆಲೆ 399 ಡಾಲರ್ ಎಂದರು. ಅದು ಅಂದೇ ಕೆಲವು ಆಯ್ದ ಅಂಗಡಿಗಳಲ್ಲಿ ಸಿಗುತ್ತದೆ ಎಂದು ಬಾಂಬನ್ನೂ ಹಾಕಿದರು. ಅವರು ಆಯದೆ ಬಿಟ್ಟ ಅಂಗಡಿಯವರು ಸಿಟ್ಟಾದರು, ಅದು ಬೇರೆ ಕತೆ. ಆಮೇಲೆ ಸೋನಿಯ ಸರದಿ. ಸ್ಟೀವ್ ರೇಸ್ ಎಂಬ ಅಧಿಕಾರಿ ಮೈಕಿನ ಮುಂದೆ ನಿಂತು "ಟೂ ನೈಂಟಿನೈನ್" ಅಂದವರೇ ಇಳಿದು ಹೋದರು. ಅಷ್ಟೇ ಭಾಷಣ. ಪ್ಲೇಸ್ಟೇಷನ್ 299 ಡಾಲರ್, ನೂರು ಡಾಲರ್ ಕಡಿಮೆ. ಸಭಾಂಗಣ ಎದ್ದು ಕೂಗಿತು. ಈ ಮೂವತ್ತು ವರ್ಷಗಳಲ್ಲಿ ಇಷ್ಟು ಪ್ರಾಮಾಣಿಕವಾದ ಗೇಮ್ ಭಾಷಣ ಇನ್ನೊಂದು ಬಂದಿಲ್ಲ ಅನ್ನುವವನು ನಾನು. ಬೆಲೆ ಹೇಳಿದರು, ಹೋದರು.

ಅದೇ ಸೋನಿ 2006ರಲ್ಲಿ ಏನು ಮಾಡಿತು ನೋಡಿ. ಪ್ಲೇಸ್ಟೇಷನ್ 3ರ ಬೆಲೆ 499 ಮತ್ತು 599 ಡಾಲರ್ ಎಂದು ಘೋಷಿಸಿತು. ಅದೇ ವೇದಿಕೆಯಲ್ಲಿ ಒಂದು ಆಟ ತೋರಿಸುತ್ತ, ಇದು ಪ್ರಾಚೀನ ಜಪಾನಿನಲ್ಲಿ ನಿಜವಾಗಿ ನಡೆದ ಪ್ರಸಿದ್ಧ ಯುದ್ಧಗಳನ್ನು ಆಧರಿಸಿದ್ದು ಎಂದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ದೈತ್ಯ ಏಡಿ ಬಂತು. ಆ ಏಡಿ ಇವತ್ತಿಗೂ ಸತ್ತಿಲ್ಲ, ಇಪ್ಪತ್ತು ವರ್ಷದಿಂದ ಅಂತರ್ಜಾಲದಲ್ಲಿ ನಗೆಪಾಟಲಾಗುತ್ತಲೇ ಇದೆ. ವೇದಿಕೆ ಅಂದರೆ ಇದು. ಮುಖ್ಯಸ್ಥರೇ ಆಗಲಿ, ಜನರ ಎದುರು ಬೆವರಬೇಕಾಗುತ್ತಿತ್ತು.

2013 ಇನ್ನೂ ಸ್ವಾರಸ್ಯದ್ದು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್‌ಗೆ ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕ ಬೇಕು ಎಂದಿತ್ತು. ಆಡಿ ಮುಗಿಸಿದ ಡಿಸ್ಕನ್ನು ಗೆಳೆಯನಿಗೆ ಕೊಡುವುದಕ್ಕೂ, ಹಳೆಯ ಆಟ ಕೊಳ್ಳುವ ಅಂಗಡಿಗೆ ಮಾರುವುದಕ್ಕೂ ಷರತ್ತು ಹಾಕಿತ್ತು. ನಮ್ಮಲ್ಲಿ ಒಂದು ಡಿಸ್ಕ್ ನಾಲ್ಕು ಮನೆ ಸುತ್ತುತ್ತದೆ, ಈ ಷರತ್ತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇ3 ಸಂಜೆ ಸೋನಿ ತನ್ನ ಪ್ಲೇಸ್ಟೇಷನ್ 4ರಲ್ಲಿ ಹಳೆಯ ಡಿಸ್ಕಿಗೆ ಯಾವ ತಡೆಯೂ ಇಲ್ಲ ಎಂದಾಗ ಎದ್ದ ಗದ್ದಲದಲ್ಲಿ ಮುಂದಿನ ಮಾತೇ ಕೇಳಲಿಲ್ಲ. ಬೆಲೆಯೂ 399 ಡಾಲರ್, ಎದುರಾಳಿಯದು 499. ಜೊತೆಗೆ ಸೋನಿ ಸುಮಾರು ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ಬಿಟ್ಟಿತು. ಹೆಸರು, ಹಳೆಯ ಆಟವನ್ನು ಹಂಚಿಕೊಳ್ಳುವ ವಿಧಾನ. ಅದರಲ್ಲಿ ಇರುವುದು ಇಷ್ಟೇ: ಕಂಪನಿಯ ಇಬ್ಬರು ಹಿರಿಯರು, ಶುಹೆ ಯೊಶಿದಾ ಮತ್ತು ಆ್ಯಡಂ ಬಾಯ್ಸ್, ಒಬ್ಬರು ಡಿಸ್ಕಿನ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ, ತೆಗೆದುಕೊಂಡವರು ಥ್ಯಾಂಕ್ಸ್ ಅನ್ನುತ್ತಾರೆ. ಎದುರಾಳಿಯ ಮರ್ಯಾದೆ ಕಳೆಯಲು ಅಷ್ಟು ಸಾಕಾಯಿತು. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ಷರತ್ತುಗಳನ್ನೆಲ್ಲ ವಾಪಸು ತೆಗೆದುಕೊಂಡಿತು. ಸಭೆಯ ಮಾತು ನಡೆಯುತ್ತಿದ್ದ ಕಾಲ ಅದು.

2018ರ ನವೆಂಬರಿನಲ್ಲಿ ಬ್ಲಿಝಾರ್ಡ್ ಕಂಪನಿ ತನ್ನ ಸ್ವಂತ ಸಮ್ಮೇಳನದಲ್ಲಿ ಡಯಾಬ್ಲೊ ಇಮ್ಮಾರ್ಟಲ್ ಎಂಬ ಮೊಬೈಲ್ ಆಟ ಘೋಷಿಸಿತು. ಕಂಪ್ಯೂಟರಿನಲ್ಲಿ ಈ ಸರಣಿಯನ್ನು ವರ್ಷಗಟ್ಟಲೆ ಆಡಿ ಬೆಳೆದವರು ಟಿಕೆಟ್ ಕೊಂಡು ಬಂದು ಕೂತಿದ್ದರು. ಪ್ರಶ್ನೋತ್ತರದ ಹೊತ್ತಿಗೆ ಒಬ್ಬ ಮೈಕಿನ ಹತ್ತಿರ ಬಂದು, ಇದೇನು ಏಪ್ರಿಲ್ ಫೂಲ್ ತಮಾಷೆಯೇ ಎಂದು ಕೇಳಿದ. ಇದು ಕಂಪ್ಯೂಟರಿಗೂ ಬರುತ್ತದೆಯೇ ಅನ್ನುವ ಪ್ರಶ್ನೆಗೆ ಇಲ್ಲ ಎಂದಾಗ ಸಭೆ ಗೊಣಗಿತು. ವೇದಿಕೆಯ ಮೇಲಿದ್ದವರು ತಬ್ಬಿಬ್ಬಾಗಿ, ನಿಮ್ಮ ಹತ್ತಿರ ಫೋನ್ ಇಲ್ಲವೇ ಅಂದುಬಿಟ್ಟರು. ಆಟ 2022ರಲ್ಲಿ ಬಂದು ದುಡ್ಡನ್ನೇನೋ ಚೆನ್ನಾಗಿಯೇ ಮಾಡಿತು, ಅಷ್ಟೇ ಅಲ್ಲ, ಕಂಪ್ಯೂಟರಿಗೂ ಬಂತು! ನನ್ನ ಮಾತು ಇಷ್ಟೇ, ಆ ದಿನ ಒಬ್ಬ ಗಿರಾಕಿ ಎದ್ದು ನಿಂತು ಮುಖಕ್ಕೆ ಮುಖ ಕೊಟ್ಟು ಕೇಳಿದ, ಅದಕ್ಕೊಂದು ಉತ್ತರವನ್ನು ಆ ಕ್ಷಣವೇ ಹುಡುಕಬೇಕಾಯಿತು.

ಇಂಥ ಸಭಾಂಗಣಗಳು ಒಂದೇ ದಿನದಲ್ಲಿ ಮುಚ್ಚಲಿಲ್ಲ. ನಿಂಟೆಂಡೊ 2011ರಲ್ಲಿ ಡೈರೆಕ್ಟ್ ಎಂಬ ಮೊದಲೇ ಚಿತ್ರೀಕರಿಸಿದ ಕಾರ್ಯಕ್ರಮ ಶುರು ಮಾಡಿತು, 2013ರಿಂದ ಇ3 ವೇದಿಕೆಯ ದೊಡ್ಡ ಸಭೆಯನ್ನೇ ಬಿಟ್ಟಿತು. 2019ರಲ್ಲಿ ಸೋನಿ ಮೇಳಕ್ಕೆ ಬರಲಿಲ್ಲ. 2020ರಲ್ಲಿ ಕೋವಿಡ್. 2022, 2023ರಲ್ಲೂ ರದ್ದು. 2023ರ ಡಿಸೆಂಬರ್ 12ರಂದು ಇ3ಯನ್ನು ಶಾಶ್ವತವಾಗಿ ನಿಲ್ಲಿಸಿದ್ದೇವೆ ಎಂದು ಅದನ್ನು ನಡೆಸುತ್ತಿದ್ದ ಸಂಘ ಹೇಳಿತು.

ಮೊದಲೇ ಚಿತ್ರೀಕರಿಸಿದ ಕಾರ್ಯಕ್ರಮಗಳೆಲ್ಲ ಕೆಟ್ಟವು ಅನ್ನಲಾರೆ. ನಿಂಟೆಂಡೊ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಇದ್ದಷ್ಟು ದಿನ ಅದಕ್ಕೊಂದು ಘನತೆ ಇತ್ತು. ಸ್ವತಃ ಪ್ರೋಗ್ರಾಮರ್ ಆಗಿದ್ದ ಮನುಷ್ಯ, ಕ್ಯಾಮೆರಾದ ಮುಂದೆ ನಿಂತು ಎರಡು ಕೈಯನ್ನೂ ಮುಂದೆ ಚಾಚಿ, ನಿಮಗೆ ನೇರವಾಗಿ ಹೇಳುತ್ತಿದ್ದೇನೆ ಎಂಬಂತೆ ಮಾತಾಡುತ್ತಿದ್ದರು. 2015ರ ಜೂನಿನಲ್ಲಿ ತಮ್ಮನ್ನೇ ಒಂದು ಗೊಂಬೆಯಾಗಿ ಮಾಡಿಸಿ ಕುಣಿಸಲು ಒಪ್ಪಿದರು. ಮುಂದಿನ ತಿಂಗಳೇ ತೀರಿಕೊಂಡರು. ಅಂಥ ಒಬ್ಬರಿದ್ದರೆ ಸಭೆ ಇಲ್ಲದಿದ್ದರೂ ನಡೆಯುತ್ತದೆ. ಎಲ್ಲ ಕಂಪನಿಗೂ ಅಂಥವರು ಎಲ್ಲಿ ಸಿಗಬೇಕು?

ಈಗಿನ ದೊಡ್ಡ ವೇದಿಕೆ ಜೆಫ್ ಕೀಲಿ ಅವರ ಸಮ್ಮರ್ ಗೇಮ್ ಫೆಸ್ಟ್. ಅಲ್ಲಿ ಸಭಾಂಗಣವೂ ಇದೆ, ಜನರೂ ಇದ್ದಾರೆ. ಆದರೆ ಪರದೆಯ ಮೇಲೆ ಓಡುವುದು ಬಹುಪಾಲು ಕತ್ತರಿಸಿ ಒಪ್ಪ ಮಾಡಿದ ಟ್ರೈಲರುಗಳು, ಒಂದರ ಬಾಲಕ್ಕೆ ಇನ್ನೊಂದು. 2024ರಲ್ಲಿ ಎಸ್ಕ್ವೈರ್ ಪತ್ರಿಕೆ ವರದಿ ಮಾಡಿದಂತೆ ಅಲ್ಲಿ ಒಂದು ನಿಮಿಷದ ಟ್ರೈಲರಿಗೆ ದರ 2,50,000 ಡಾಲರ್. ಬಾಡಿಗೆ ಕೊಟ್ಟವನನ್ನು ಆ ವೇದಿಕೆಯಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ?

ಹೀಗೆ ಕೇಳುವವರಿಲ್ಲದಾಗ ಬೆಳೆದ ದೊಡ್ಡ ಚಾಳಿ, ಇಲ್ಲದ ಆಟವನ್ನು ಘೋಷಿಸುವುದು. ಇದು ಹೊಸದೇನಲ್ಲ, 2005ರಲ್ಲೇ ಸೋನಿ ಕಿಲ್‌ಜೋನ್‌ನ ಒಂದು ಟ್ರೈಲರ್ ತೋರಿಸಿ ನಂಬಿಸಿತ್ತು. ಅದು ಆಟವಾಗಿರಲಿಲ್ಲ, ಆಟ ಹೀಗಿರಬೇಕು ಎಂದು ಮೊದಲೇ ಮಾಡಿಟ್ಟ ಆ್ಯನಿಮೇಷನ್. ನಮ್ಮ ಗಾಂಧಿನಗರದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮುಹೂರ್ತ ಆಗುತ್ತದೆ, ಕ್ಲ್ಯಾಪ್ ಆಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ, ಸಿನಿಮಾ ಬರುವುದಿಲ್ಲ. ಆದರೆ ನಮ್ಮ ನಿರ್ಮಾಪಕ ಮುಹೂರ್ತದ ದಿನವೇ ಟಿಕೆಟ್ ಮಾರುವುದಿಲ್ಲ. ಗೇಮ್ ಕಂಪನಿಗಳು ಎಷ್ಟೋ ಸಲ ಟ್ರೈಲರ್ ಮುಗಿಯುವುದರೊಳಗೆ ಮುಂಗಡ ಬುಕಿಂಗ್ ತೆರೆಯುತ್ತವೆ.

ಬೆಥೆಸ್ಡಾ ಕಂಪನಿ 2018ರಲ್ಲಿ ಎಲ್ಡರ್ ಸ್ಕ್ರೋಲ್ಸ್ 6 ಎಂದು ಅರ್ಧ ನಿಮಿಷದ ಒಂದು ಬೆಟ್ಟಗುಡ್ಡದ ನೋಟ ತೋರಿಸಿತು. ಅಂದು ಹೈಸ್ಕೂಲಿನಲ್ಲಿದ್ದವರು ಇಂದು ಕೆಲಸಕ್ಕೆ ಹೋಗುತ್ತಿದ್ದಾರೆ. 2020ರಲ್ಲಿ ಘೋಷಿಸಿದ ಪರ್ಫೆಕ್ಟ್ ಡಾರ್ಕ್ ಆಟವನ್ನು ಮೈಕ್ರೋಸಾಫ್ಟ್ 2024ರ ಜೂನಿನಲ್ಲಿ ಝಗಮಗಿಸುವಂತೆ ತೋರಿಸಿತು, 2025ರ ಜುಲೈನಲ್ಲಿ ರದ್ದು ಮಾಡಿತು, ಅದನ್ನು ಮಾಡುತ್ತಿದ್ದ ಸ್ಟುಡಿಯೊವನ್ನೂ ಮುಚ್ಚಿತು. ಅದೇ ಕಂಪನಿ 2022ರಲ್ಲಿ ಒಂದು ಒಳ್ಳೆಯ ಮಾತು ಕೊಟ್ಟಿತ್ತು: ಇಲ್ಲಿ ತೋರಿಸಿದ್ದೆಲ್ಲ 12 ತಿಂಗಳೊಳಗೆ ಆಡಲು ಸಿಗುತ್ತದೆ ಎಂದು. ನನಗೆ ಬಹಳ ಹಿಡಿಸಿದ ನಿಯಮ. ಆದರೆ ಆ ಪಟ್ಟಿಯಲ್ಲಿದ್ದ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಗಡುವಿನೊಳಗೆ ಬಂದ ರೆಡ್‌ಫಾಲ್ ಬಾರದಿದ್ದರೇ ಚೆನ್ನಾಗಿತ್ತು ಅನ್ನುವ ಹಾಗಿತ್ತು.

ಇದರಲ್ಲಿ ನಮಗೆ ಹತ್ತಿರದ ಕತೆ ಒಂದಿದೆ. 2003ರ ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್ ಬಹಳ ಜನ ಆಡಿದ ಆಟ. ನಮ್ಮ ಸೈಬರ್ ಕೆಫೆಗಳ ಕಾಲದ್ದು. ಕತೆ ಶುರುವಾಗುವುದೇ ಭಾರತದ ಒಬ್ಬ ಮಹಾರಾಜನ ಅರಮನೆಯ ಮೇಲಿನ ದಾಳಿಯಿಂದ, ನಾಯಕಿ ಫರಾ ಆ ರಾಜನ ಮಗಳು. ಅದನ್ನು ಹೊಸದಾಗಿ ಮಾಡುವ ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳಿಗೆ ಸಿಕ್ಕಿತು. ಭಾರತದಲ್ಲಿ ಗೇಮ್ ಕೆಲಸ ಅಂದರೆ ಹೆಚ್ಚಾಗಿ ಬೇರೆಯವರ ಆಟಕ್ಕೆ ಗಿಡ, ಕಾರು, ಕಟ್ಟಡ ಮಾಡಿಕೊಡುವುದು. ಬೆಂಗಳೂರಿನ ಧ್ರುವ ಇಂಟರ್ಯಾಕ್ಟಿವ್ 1997ರಿಂದ ಬೆಳೆದದ್ದು ಬಹುಮಟ್ಟಿಗೆ ಆ ದಾರಿಯಲ್ಲೇ. ಅಂಥದ್ದರಲ್ಲಿ ಇಷ್ಟು ದೊಡ್ಡ ಹೆಸರಿನ ಆಟವನ್ನು ಇಲ್ಲಿನವರು ಮುಂದೆ ನಿಂತು ಮಾಡುವುದು ಸಣ್ಣ ಸಂಗತಿ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಕಂಪನಿ ತನ್ನ ಪ್ರದರ್ಶನದಲ್ಲಿ ಟ್ರೈಲರ್ ಬಿಟ್ಟಿತು, 2021ರ ಜನವರಿ 21ಕ್ಕೆ ಬಿಡುಗಡೆ ಎಂದಿತು. ಮುಖಗಳು ಪ್ಲಾಸ್ಟಿಕ್ಕಿನಂತಿವೆ, ಹತ್ತು ವರ್ಷ ಹಳೆಯ ಆಟದ ಹಾಗಿದೆ ಎಂದು ಜನ ಹರಿಹಾಯ್ದರು. ಟೀಕೆ ಸುಳ್ಳಲ್ಲ, ನೋಡಿದ ನನಗೂ ಹಾಗೇ ಅನಿಸಿತ್ತು. ದಿನಾಂಕ ಒಮ್ಮೆ ಮುಂದೆ ಹೋಯಿತು, ಆಮೇಲೆ ದಿನಾಂಕವೇ ಹೋಯಿತು. 2022ರ ಮೇನಲ್ಲಿ ಕೆಲಸವನ್ನು ಮಾಂಟ್ರಿಯಲ್ ಸ್ಟುಡಿಯೊಗೆ ಸಾಗಿಸಿದರು. 2024ರ ಪ್ರದರ್ಶನದಲ್ಲಿ ಉರಿಯುವ ಒಂದು ಮೇಣದಬತ್ತಿ ತೋರಿಸಿ 2026 ಎಂದರು. 2026ರ ಜನವರಿಯಲ್ಲಿ ಆಟವನ್ನೇ ಕೈಬಿಟ್ಟರು.

ಅರೆಬೆಂದದ್ದನ್ನು ಬಡಿಸಿ ಎಂದು ಒಪ್ಪಿಗೆ ಕೊಟ್ಟವರು ಯಾರು? ಅವರ ಹೆಸರು ನಮಗೆ ಗೊತ್ತಿಲ್ಲ. ಪುಣೆ, ಮುಂಬೈ ಸ್ಟುಡಿಯೊಗಳ ಹೆಸರು ಮಾತ್ರ ಜಗತ್ತಿಗೆಲ್ಲ ಗೊತ್ತಾಯಿತು. ಈಗಲೂ ಜನ ಕಾಮೆಂಟಿನಲ್ಲಿ ಬೈಯುತ್ತಾರಲ್ಲ, ಮೌನ ಎಲ್ಲಿ ಹೋಯಿತು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಸಭೆಯ ಮೌನ ವೇದಿಕೆಯ ಮೇಲೆ ನಿಂತ ಅಧಿಕಾರಿಗೆ ತಟ್ಟುತ್ತಿತ್ತು. ಕಾಮೆಂಟಿನ ಬೈಗುಳ ತಟ್ಟುವುದು ಕೆಳಗೆ ಕೂತು ಕೆಲಸ ಮಾಡಿದವನಿಗೆ.

ಕೆಲಸ ಮಾಡುವವರ ಪಾಡಿನ ಬಗ್ಗೆ ಇನ್ನೊಂದು ಮಾತು. ಬಯೋವೇರ್‌ನ ಆ್ಯಂಥಮ್ ಆಟವನ್ನು 2017ರ ಇ3ಯಲ್ಲಿ ಅದ್ಭುತವಾಗಿ ತೋರಿಸಿದರು. ಅದರ ಬಗ್ಗೆ 2019ರಲ್ಲಿ ಪತ್ರಕರ್ತ ಜೇಸನ್ ಶ್ರೈಯರ್ ಬರೆದ ವರದಿಯ ಪ್ರಕಾರ ಆ ದೃಶ್ಯ ಬಹುಪಾಲು ಪ್ರದರ್ಶನಕ್ಕೆಂದೇ ಕಟ್ಟಿದ್ದು. ತಾವು ಮಾಡುತ್ತಿರುವ ಆಟ ಎಂಥದ್ದು ಎಂದು ತಂಡದ ಕೆಲವರಿಗೆ ಗೊತ್ತಾದದ್ದೇ ಆ ಪ್ರದರ್ಶನದಿಂದ. ಆಟ 2019ರಲ್ಲಿ ಬಂತು, ಸೋತಿತು. 2026ರ ಜನವರಿ 12ರಂದು ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡ ಡಿಸ್ಕ್ ಮನೆಯಲ್ಲಿದ್ದರೂ ಈಗ ಅದನ್ನು ಆಡುವ ಹಾಗಿಲ್ಲ.

ಸೈಬರ್‌ಪಂಕ್ 2077 ಆಟದ ಹೆಸರು ಹೇಳದೆ ಹೋದರೆ ಹಿಂದಿನ ಸಾಲಿನವರು ಬಿಡುವುದಿಲ್ಲ. 2019ರಲ್ಲಿ ಅದನ್ನು ತೋರಿಸಿದ ಇ3 ವೇದಿಕೆಗೆ ನಟ ಕಿಯಾನು ರೀವ್ಸ್ ಹೊಗೆಯ ನಡುವಿನಿಂದ ನಡೆದು ಬಂದರು, ಸಭೆ ಹುಚ್ಚೆದ್ದಿತು. ಸಭೆಯೂ ಮರುಳಾಗುತ್ತದೆ, ಅದನ್ನೂ ಹೇಳಬೇಕು. 80 ಲಕ್ಷ ಮಂದಿ ಮುಂಗಡ ಕೊಟ್ಟರು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. 2020ರ ಡಿಸೆಂಬರ್ 10ರಂದು ಆಟ ಬಂದಾಗ ಹಳೆಯ ಪ್ಲೇಸ್ಟೇಷನ್‌ನಲ್ಲಿ ಅದು ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಎಂಟು ದಿನಕ್ಕೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಆಮೇಲೆ ವರ್ಷಗಟ್ಟಲೆ ರಿಪೇರಿ ಮಾಡಿ ಚೆಂದ ಮಾಡಿದರು. ಕಾದು ಕೊಂಡವರಿಗೆ ಒಳ್ಳೆಯ ಆಟ ಸಿಕ್ಕಿತು, ಅದೂ ಕಡಿಮೆ ಬೆಲೆಗೆ.

ಈಚೆಗೆ ನನಗೆ ಮೆಚ್ಚುಗೆಯಾದದ್ದು 2023ರ ಜನವರಿಯ ಹೈ-ಫೈ ರಶ್. ಪ್ರದರ್ಶನದಲ್ಲಿ ತೋರಿಸಿದ ದಿನವೇ ಆಡಲು ಬಿಟ್ಟರು. ಯಾವ ಮಾತೂ ಕೊಡಲಿಲ್ಲ, ಆಟವನ್ನೇ ಕೊಟ್ಟರು. ಅಷ್ಟು ಚೆನ್ನಾಗಿ ಮಾಡಿದ ಟ್ಯಾಂಗೊ ಸ್ಟುಡಿಯೊವನ್ನು ಮೈಕ್ರೋಸಾಫ್ಟ್ 2024ರಲ್ಲಿ ಮುಚ್ಚಲು ಹೊರಟಿತು, ಕೊನೆಗೆ ಕೊರಿಯಾದ ಕ್ರಾಫ್ಟನ್ ಅದನ್ನು ಕೈಗೆ ತೆಗೆದುಕೊಂಡಿತು. ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಆಟದ ಕಂಪನಿ ಅದೇ.

ಮುಗಿಸುತ್ತೇನೆ. ಹಿಂದಿನ ಸಾಲಿನವರೇ, ಜೂನಿನಲ್ಲಿ ರಾತ್ರಿ ಧಾರಾಳವಾಗಿ ಎಚ್ಚರ ಇರಿ, ನೋಡಿ, ನಗಿ. ಆದರೆ ಮುಂಗಡ ಮಾತ್ರ ಕೊಡಬೇಡಿ. ಡೌನ್‌ಲೋಡ್ ಮಾಡುವ ಆಟ ಅಂಗಡಿಯಲ್ಲಿ ಖಾಲಿಯಾಗುವುದಿಲ್ಲ, ಬಿಡುಗಡೆಯಾಗಿ ಒಂದು ವಾರ ಕಳೆದ ಮೇಲೂ ಅಲ್ಲೇ ಇರುತ್ತದೆ. ನೀವು ಜೇಬಿಗೆ ಕೈ ಹಾಕದ ಆ ಒಂದು ವಾರಕ್ಕೆ ಕಂಪನಿಗಳು ಈಗಲೂ ಹೆದರುತ್ತವೆ. ಪ್ರಶ್ನೆಗಳಿದ್ದರೆ ಕೇಳಿ, ಇಲ್ಲಿ ಮೈಕ್ ಇದೆ.