ಭೂಮಿಯ ಹಾಲು, ಕರುವಿನ ಪಾಲು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಫೋನ್ ಮಾಡಿದ ಗುರುಗಳು, "ಕಂಪ್ಯೂಟರ್ ಬಗ್ಗೆ, ಇಂಜಿನಿಯರಿಂಗ್ ಸೇರುವುದರ ಬಗ್ಗೆ ನಾಲ್ಕು ಮಾತು ಹೇಳು" ಎಂದಿದ್ದರು. ಅದನ್ನು ಊಟವಾದ ಮೇಲೆ ಹತ್ತನೇ ತರಗತಿಯ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ. ಈ ವೇದಿಕೆಯ ಮೇಲೆ ಬೇರೆ ವಿಷಯ ಹೇಳಲು ಅವರಿಂದ ಅಪ್ಪಣೆ ಪಡೆದಿದ್ದೇನೆ. ವಿಷಯ ಇದು: ಭೂಮಿಗೆ ಜೀವ ಇದೆಯೇ? ಇದೆ ಎಂದುಕೊಂಡರೆ ನಮಗೂ ಅದಕ್ಕೂ ಇರುವ ಸಂಬಂಧ ಎಂಥದು? ನಮ್ಮ ಹಬ್ಬ, ಪುರಾಣ, ಕತೆಗಳು ಇದಕ್ಕೆ ಉತ್ತರ ಹೇಳಿವೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ವಿಜ್ಞಾನಿಗಳೂ ಇದರ ಬಗ್ಗೆ ವಾದ ಮಾಡಿದ್ದಾರೆ. ಕಲ್ಲೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಊರಿನ ಹೆಸರಿನಲ್ಲೇ ಕಲ್ಲಿದೆ. ಸಾಣೆಕಲ್ಲಿನಲ್ಲಿ ಮಹಾಲಕ್ಷ್ಮಿ ಮೂಡಿದಳೆಂದು ನಂಬಿ ಕೈಮುಗಿಯುತ್ತಾ ಬಂದವರು ನಾವು. ಕಲ್ಲು ಮಣ್ಣಿಗೆ ಜೀವ ಇದೆ ಎಂದರೆ ಇಲ್ಲಿ ಯಾರೂ ನಗುವುದಿಲ್ಲ.

ಹಬ್ಬದಿಂದಲೇ ಶುರು ಮಾಡೋಣ. ಶೀಗಿ ಹುಣ್ಣಿಮೆಯ ಹೊತ್ತಿಗೆ ಬೆಳೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಉಣಿಸಬೇಕು, ಕುಬಸ ಮಾಡಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಮುಂದೆ ಎಳ್ಳಮಾವಾಸ್ಯೆ ಬರುತ್ತದೆ. ಹಿಂಗಾರಿ ಜೋಳ, ಕಡಲೆ ಹೊಲದಲ್ಲಿರುವ ಕಾಲ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಇಟ್ಟು ಸುಣ್ಣ ಬಳಿದು ಪೂಜೆ ಮಾಡುತ್ತೇವೆ. ಆಮೇಲೆ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಚರಗ ಚೆಲ್ಲುವವರೆಗೆ ಮನೆಯ ಯಾರೂ ಉಣ್ಣುವಂತಿಲ್ಲ. ಚೆಲ್ಲಿದ ಅನ್ನ ಹಕ್ಕಿಗೆ, ಇಲಿಗೆ, ಇರುವೆಗೆ, ಹುಳಕ್ಕೆ ಹೋಗುತ್ತದೆ. ಅಂದರೆ ಹೊಲದಲ್ಲಿ ಬೆಳೆದದ್ದರಲ್ಲಿ ಮೊದಲ ತುತ್ತು ನಮ್ಮದಲ್ಲ ಎಂದು ಮಕ್ಕಳ ಕೈಯಿಂದಲೇ ಚೆಲ್ಲಿಸಿ ಕಲಿಸುವ ಹಬ್ಬ ಅದು.

ಇನ್ನೊಂದು ಕಡೆ ನೋಡಿ. ಮಂಗಳೂರು, ಉಡುಪಿ, ಕಾಸರಗೋಡಿನ ತುಳುನಾಡಿನಲ್ಲಿ ಫೆಬ್ರವರಿಯ ಸುಮಾರಿಗೆ ಕೆಡ್ಡಸ ಎಂಬ ಆಚರಣೆ ಇದೆ. ಆಗ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಎಂದು ಎಣಿಸುತ್ತಾರೆ. ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಒಡಿಶಾದಲ್ಲಿ ಮಳೆಗಾಲದ ಆರಂಭದ ರಜ ಹಬ್ಬದಲ್ಲೂ ಹೀಗೆಯೇ ಮೂರು ದಿನ ನೇಗಿಲಿಗೆ ರಜೆ. ನಮ್ಮಲ್ಲಿ ನಾಗರ ಪಂಚಮಿಯಂದು ನೆಲ ಅಗೆಯಬಾರದು ಎನ್ನುತ್ತಾರೆ. ಭಾಷೆ ಬೇರೆ, ಹಬ್ಬ ಬೇರೆ, ಆದರೆ ಮಾತು ಒಂದೇ. ಜೀವ ಇರುವುದಕ್ಕೆ ದಣಿವೂ ಇರುತ್ತದೆ, ವಿಶ್ರಾಂತಿ ಕೊಡಬೇಕು.

ಈಗ ಪುರಾಣಕ್ಕೆ ಬರೋಣ. ಭೂಮಿಗೆ ಪೃಥ್ವಿ ಎಂಬ ಹೆಸರು ಪೃಥು ಮಹಾರಾಜನಿಂದ ಬಂತು ಎಂದು ಪುರಾಣ ಹೇಳುತ್ತದೆ. ಕತೆ ಹೀಗಿದೆ. ದುಷ್ಟ ರಾಜನೊಬ್ಬನ ಕಾಲದಲ್ಲಿ ನಾಡು ಕೆಟ್ಟು, ಭೂಮಿ ಬೀಜಗಳನ್ನೆಲ್ಲ ತನ್ನೊಳಗೆ ಅಡಗಿಸಿಕೊಂಡಳು. ಜನ ಹಸಿವಿನಿಂದ ಸಾಯತೊಡಗಿದರು. ಹೊಸ ರಾಜ ಪೃಥು ಸಿಟ್ಟಿನಿಂದ ಬಿಲ್ಲು ಎತ್ತಿದ. ಭೂಮಿ ಹಸುವಿನ ರೂಪದಲ್ಲಿ ಓಡಿದಳು. ಓಡಿ ಓಡಿ ಸಾಕಾಗಿ ತಿರುಗಿ ನಿಂತು ಕೇಳಿದಳು: ನನ್ನನ್ನು ಕೊಂದರೆ ನಿನ್ನ ಪ್ರಜೆಗಳು ಎಲ್ಲಿ ನಿಲ್ಲುತ್ತಾರೆ? ಆಮೇಲೆ ದಾರಿಯನ್ನೂ ಅವಳೇ ಹೇಳಿದಳು: ನೆಲವನ್ನು ಸಮ ಮಾಡು, ನನಗೊಂದು ಕರು ತಂದುಕೊಡು, ಹಾಲು ಕೊಡುತ್ತೇನೆ. ಪೃಥು ಹಾಗೇ ಮಾಡಿದ. ಧಾನ್ಯಗಳೆಲ್ಲ ಹಾಲಾಗಿ ಹರಿದವು.

ದನ ಸಾಕಿದವರಿಗೆ ಈ ಕತೆಯ ಗುಟ್ಟು ಬೇಗ ತಿಳಿಯುತ್ತದೆ. ಕರು ಬಿಡದೆ ಆಕಳು ತೊರೆ ಬಿಡುವುದಿಲ್ಲ. ಹಾಲು ಹಿಂಡುವವ ಒಂದು ಮೊಲೆಯನ್ನಾದರೂ ಕರುವಿಗೆ ಬಿಡುತ್ತಾನೆ. ಪೂರ್ತಿ ಹಿಂಡಿಕೊಂಡರೆ ಕರು ಸಾಯುತ್ತದೆ, ನಾಳೆ ಹಾಲೂ ಇರುವುದಿಲ್ಲ. ಇವತ್ತಿನ ನನ್ನ ಮಾತಿಗೆಲ್ಲ ಈ ಕರುವಿನ ಪಾಲೇ ಆಧಾರ. ದಯವಿಟ್ಟು ನೆನಪಿನಲ್ಲಿಡಿ.

ನಮ್ಮ ಜನಪದದಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕತೆ ಇದೆ. ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಗಿರೀಶ ಕಾರ್ನಾಡರು 1992ರಲ್ಲಿ ಅದರ ಮೇಲೆ 'ಚೆಲುವಿ' ಚಿತ್ರ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿ ವಿಯೆನ್ನಾ ನಗರದಲ್ಲಿ ಆಡಿಸಿದರು. ಕನ್ನಡದ ಅಜ್ಜಿಕತೆ ಅಷ್ಟು ದೂರ ಹೋಯಿತು. ಬಡ ಹುಡುಗಿಯೊಬ್ಬಳು ಮೈಮೇಲೆ ಒಂದು ಕೊಡ ನೀರು ಹಾಕಿಸಿಕೊಂಡು ಗಿಡವಾಗುತ್ತಾಳೆ, ಇನ್ನೊಂದು ಕೊಡ ನೀರಿಗೆ ಮತ್ತೆ ಮನುಷ್ಯಳಾಗುತ್ತಾಳೆ. ಷರತ್ತು ಒಂದೇ: ಹೂ ಬೇಕಾದಷ್ಟು ಬಿಡಿಸಿಕೊಳ್ಳಿ, ಎಲೆ ಟೊಂಗೆಗೆ ಗಾಯ ಮಾಡಬೇಡಿ. ಮದುವೆಯಾಗಿ ಹೋದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಹೂವಿನ ಆಸೆಗೆ ಟೊಂಗೆ ಮುರಿದು, ಸರಿಯಾಗಿ ನೀರೂ ಹಾಕದೆ ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ದೇಹವಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಅವಳನ್ನು ಮತ್ತೆ ಗಿಡವಾಗಿಸಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಸರಿಪಡಿಸಿದ ಮೇಲೆ ಅವಳು ಮೊದಲಿನಂತಾಗುತ್ತಾಳೆ. ಹೂ ಬಿಡಿಸಬೇಡಿ ಎಂದು ಈ ಕತೆ ಎಲ್ಲೂ ಹೇಳುವುದಿಲ್ಲ. ಹೇಗೆ ಬಿಡಿಸಬೇಕು ಎಂದು ಹೇಳುತ್ತದೆ.

ಇಂಗ್ಲಿಷಿನಲ್ಲೂ ಇಂಥ ಒಂದು ಕತೆ ಇದೆ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1928ರಲ್ಲಿ ಬರೆದದ್ದು. ಚಾಲೆಂಜರ್ ಎಂಬ ಪ್ರೊಫೆಸರ್ ಭೂಮಿಯೇ ಒಂದು ಪ್ರಾಣಿ, ಅದರ ಮೇಲೆ ಮನುಷ್ಯರು ಇದ್ದಾರೆ ಎಂಬುದೇ ಅದಕ್ಕೆ ಗೊತ್ತಿಲ್ಲ ಎಂದು ವಾದಿಸುತ್ತಾನೆ. ತಾನೊಬ್ಬ ಇದ್ದೇನೆಂದು ಅದಕ್ಕೆ ತಿಳಿಸಲು ಮೈಲುಗಟ್ಟಲೆ ಆಳದ ಗುಂಡಿ ತೋಡಿಸಿ, ತಳದಲ್ಲಿ ಸಿಕ್ಕ ಮೆತ್ತನೆಯ ಭಾಗಕ್ಕೆ ಚೂಪಾದ ಕಬ್ಬಿಣ ಚುಚ್ಚಿಸುತ್ತಾನೆ. ಭೂಮಿ ಚೀರುತ್ತದೆ. ಆ ಕತೆ ಓದಿದಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಹಟ್ಟಿ ಚಿನ್ನದ ಗಣಿ. ಹಟ್ಟಿಯ ಚಿನ್ನ ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಬೇಸಿಗೆಯ ರಾತ್ರಿ ಹೊಲದಲ್ಲಿ ಬೋರ್‌ವೆಲ್ ಲಾರಿ ನಿಂತು ನೂರಾರು ಅಡಿ ಕೊರೆಯುವ ಸದ್ದನ್ನು ನೀವೆಲ್ಲ ಕೇಳಿದ್ದೀರಿ. ನೀರು ಬರದೆ ಬರೀ ಬಿಳಿ ಹುಡಿ ಹಾರಿದಾಗ ಆ ಮನೆಯವರ ಮುಖವನ್ನೂ ನೋಡಿದ್ದೀರಿ. ನಮ್ಮಲ್ಲಿ ಚೀರುವುದು ಭೂಮಿಯಲ್ಲ, ಸಾಲ ಮಾಡಿದ ರೈತ.

ಇನ್ನು ವಿಜ್ಞಾನ. 1960ರ ದಶಕದಲ್ಲಿ ಜೇಮ್ಸ್ ಲವ್‌ಲಾಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕೆ ಕೆಲಸ ಮಾಡುತ್ತಿದ್ದ. ಮಂಗಳ ಗ್ರಹದಲ್ಲಿ ಜೀವವಿದೆಯೇ ಎಂದು ಪತ್ತೆಹಚ್ಚುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಅಲ್ಲಿಗೆ ಹೋಗುವುದೇ ಬೇಡ, ಗಾಳಿಯನ್ನು ನೋಡಿದರೆ ಸಾಕು ಎಂದ ಲವ್‌ಲಾಕ್. ಮಂಗಳದ ಗಾಳಿ ಹೆಚ್ಚುಕಡಿಮೆ ಪೂರ್ತಿ ಇಂಗಾಲದ ಡೈಆಕ್ಸೈಡ್, ಸುಮ್ಮನೆ ಮಲಗಿದ ಗಾಳಿ. ಭೂಮಿಯ ಗಾಳಿಯಲ್ಲಿ ಆಮ್ಲಜನಕವೂ ಮೀಥೇನೂ ಒಟ್ಟಿಗೇ ಇವೆ. ಇವು ಒಂದನ್ನೊಂದು ತಿಂದುಹಾಕುವ ಅನಿಲಗಳು. ಒಟ್ಟಿಗೆ ಉಳಿದಿವೆ ಎಂದರೆ ಯಾರೋ ಇವನ್ನು ದಿನವೂ ಹೊಸದಾಗಿ ತುಂಬುತ್ತಿರಬೇಕು. ಗಿಡ, ಪಾಚಿ, ಬ್ಯಾಕ್ಟೀರಿಯಾ ಆ ಕೆಲಸ ಮಾಡುತ್ತಿವೆ. ಅಂದರೆ ಜೀವ ಭೂಮಿಯ ಮೇಲೆ ಬರೀ ಬಾಡಿಗೆಗೆ ಇಲ್ಲ, ಮನೆಯನ್ನೂ ಅದೇ ನಡೆಸುತ್ತಿದೆ. ಲಿನ್ ಮಾರ್ಗುಲಿಸ್ ಎಂಬ ಜೀವವಿಜ್ಞಾನಿ ಜೊತೆಗೂಡಿದರು. ಕಾದಂಬರಿಕಾರ ವಿಲಿಯಂ ಗೋಲ್ಡಿಂಗ್ ಇದಕ್ಕೆ ಗ್ರೀಕರ ಭೂದೇವಿ ಗಾಯಾಳ ಹೆಸರನ್ನು ಸೂಚಿಸಿದರು. ನೋಡಿ, ವಿಜ್ಞಾನಕ್ಕೂ ಹೆಸರಿಡಲು ಒಬ್ಬ ಕತೆಗಾರನೇ ಬೇಕಾಯಿತು.

ಭೂಮಿಗೇನು ಬುದ್ಧಿ ಇದೆಯೇ, ಅದು ಯೋಚಿಸುತ್ತದೆಯೇ ಎಂದು ಬೇರೆ ವಿಜ್ಞಾನಿಗಳು ತಕರಾರು ತೆಗೆದರು. ಸರಿಯಾದ ತಕರಾರೇ. ಅದಕ್ಕೆ ಉತ್ತರವಾಗಿ 1983ರಲ್ಲಿ ಲವ್‌ಲಾಕ್ ಮತ್ತು ಆಂಡ್ರ್ಯೂ ವಾಟ್ಸನ್ ಒಂದು ಕಂಪ್ಯೂಟರ್ ಮಾದರಿಯನ್ನು ಪ್ರಕಟಿಸಿದರು. ಒಂದು ಗ್ರಹ, ಅದರಲ್ಲಿ ಎರಡೇ ಬಗೆಯ ಹೂಗಳು: ಕಪ್ಪು ಡೈಸಿ, ಬಿಳಿ ಡೈಸಿ. ಕಪ್ಪು ಹೂ ಬಿಸಿಲು ಹೀರುತ್ತದೆ, ಬಿಳಿ ಹೂ ಬಿಸಿಲು ಹಿಂದಕ್ಕೆ ಎಸೆಯುತ್ತದೆ. ಸೂರ್ಯ ನಿಧಾನವಾಗಿ ಕಾವೇರುತ್ತಾ ಹೋಗುತ್ತಾನೆ. ಚಳಿಯಲ್ಲಿ ಕಪ್ಪು ಹೂ ಹೆಚ್ಚಿ ಗ್ರಹ ಬೆಚ್ಚಗಾಗುತ್ತದೆ, ಸೆಕೆಯಲ್ಲಿ ಬಿಳಿ ಹೂ ಹೆಚ್ಚಿ ಗ್ರಹ ತಣ್ಣಗಾಗುತ್ತದೆ. ಯಾರೂ ಯೋಚಿಸದೆಯೇ, ಯಾರೂ ಹೇಳದೆಯೇ ಉಷ್ಣತೆ ಹದದಲ್ಲಿ ನಿಲ್ಲುತ್ತದೆ. ಈ ಮಾದರಿಯನ್ನು ನಾನೇ ಪೈಥಾನ್ ಭಾಷೆಯಲ್ಲಿ ಬರೆದು ನೋಡಿದ್ದೇನೆ. ದೊಡ್ಡ ಪ್ರೋಗ್ರಾಂ ಏನಲ್ಲ, ಮಕ್ಕಳಿಗೆ ಊಟದ ನಂತರ ತೋರಿಸುತ್ತೇನೆ. ಅದರಲ್ಲಿ ನೋಡಬೇಕಾದದ್ದು ಕೊನೆಯ ಭಾಗ. ಸೂರ್ಯನ ಕಾವು ಏರುತ್ತಲೇ ಇದ್ದರೂ ಬಹಳ ಹೊತ್ತು ಗ್ರಾಫಿನ ಗೆರೆ ಅಷ್ಟಾಗಿ ಅಲುಗುವುದಿಲ್ಲ, ಎಲ್ಲ ಚೆನ್ನಾಗಿದೆ ಎಂದೇ ಕಾಣುತ್ತದೆ. ಒಂದು ಮಿತಿ ದಾಟಿದ ಕೂಡಲೇ ಹೂಗಳೆಲ್ಲ ಒಮ್ಮೆಗೇ ಸಾಯುತ್ತವೆ, ಗೆರೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ತಾಳಿಕೊಳ್ಳುವ ಶಕ್ತಿ ಇರುವುದೆಲ್ಲ ಹೀಗೆಯೇ. ಸೋಲುವ ಹಿಂದಿನ ದಿನದವರೆಗೂ ಗಟ್ಟಿಯಾಗಿಯೇ ಕಾಣುತ್ತದೆ.

ಇದನ್ನು ಇಟ್ಟುಕೊಂಡು ನಮ್ಮ ಎರೆಹೊಲವನ್ನು ನೋಡೋಣ. ಎರೆಮಣ್ಣಿನ ಜಿಗುಟು ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ನಮ್ಮ ಹೊಲ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕಿಗೆ ಬೀಳುತ್ತದೆ, ಮಳೆಗೆ ಒಳಗಿನದು ಉಬ್ಬಿ ಮೇಲೇಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಎಂದು ಇದನ್ನು ಪುಸ್ತಕಗಳಲ್ಲೇ ಕರೆದಿದ್ದಾರೆ. ಒಳಗೆ ಹಿಡಿದಿಟ್ಟ ಹಸಿಯ ಮೇಲೆಯೇ ಹಿಂಗಾರಿ ಜೋಳವನ್ನು ದಡ ಸೇರಿಸುವ ತಾಯಿ ಇದು. ಇದಕ್ಕೆ ಜೀವವಿಲ್ಲ ಎಂದರೆ ಇನ್ನಾವುದಕ್ಕೆ ಇದೆ?

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಬಂತು. ಎಡದಂಡೆ ಕಾಲುವೆ ನಮ್ಮ ಭಾಗದ ಬರವನ್ನು ತಗ್ಗಿಸಿತು. ಕಾಲುವೆ ಬಾರದಿದ್ದರೆ ನಮ್ಮಲ್ಲಿ ಎಷ್ಟೋ ಜನ ಓದುತ್ತಲೇ ಇರಲಿಲ್ಲ. ಆದರೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಎಂದು ಹೆಚ್ಚಾಗಿ ಲೆಕ್ಕ ಹಾಕಿದ್ದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಅಲ್ಲಿ ನೀರು ನಿಂತು, ಮಣ್ಣಿನೊಳಗಿನ ಉಪ್ಪು ಕರಗಿ ಮೇಲೆದ್ದು, ನೀರು ಆವಿಯಾಗಿ ಉಪ್ಪು ಉಳಿಯಿತು. ಅದನ್ನೇ ನಾವು ಸವಳು, ಜವಳು ಎನ್ನುತ್ತೇವೆ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟರೆ, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಯ ಭಾಗದ ರೈತ ನೀರಿಗಾಗಿ ರಸ್ತೆಗಿಳಿಯುತ್ತಾನೆ. ಜಲಾಶಯದ ಕತೆಯೂ ಅಷ್ಟೇ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ನಾನು ದುಡಿಯುವ ಬೆಂಗಳೂರು ಇದಕ್ಕಿಂತ ಮೇಲಲ್ಲ. 2024ರ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಐಟಿ ಕಂಪನಿಗಳಿರುವ ಬಡಾವಣೆಗಳಲ್ಲೇ ಟ್ಯಾಂಕರ್ ನೀರಿಗೆ ಸರದಿ ನಿಂತರು.

ಭೂಮಿಯನ್ನು ತಾಯಿ ಎಂದು ಕರೆಯುವುದರಲ್ಲಿ ಒಂದು ಅಪಾಯವೂ ಇದೆ. ತಾಯಿ ಎಲ್ಲವನ್ನೂ ಕ್ಷಮಿಸುತ್ತಾಳೆ ಎಂದು ನಾವು ನಂಬಿಬಿಡುತ್ತೇವೆ. ಪುರಾಣದ ಭೂಮಿ ಹಾಗೆ ಕ್ಷಮಿಸಲಿಲ್ಲ, ಬೀಜ ಅಡಗಿಸಿಕೊಂಡಳು. ಹೂವಿನ ಹುಡುಗಿಯ ಮುರಿದ ಕೈಕಾಲು ತಾನಾಗಿ ಬೆಳೆಯಲಿಲ್ಲ. ಡೈಸಿಗಳು ಮಿತಿ ಮೀರಿದ ಮೇಲೆ ಉಳಿಯಲಿಲ್ಲ. ಜೀವ ಇದೆ ಎಂದರೆ ಕಾಯಿಲೆ ಬೀಳಬಲ್ಲದು, ಇನ್ನು ಸಾಕು ಎನ್ನಬಲ್ಲದು ಎಂದೇ ಅರ್ಥ. ಆದ್ದರಿಂದ ಕೈಮುಗಿಯುವುದರ ಜೊತೆಗೆ ಕರುವಿನ ಪಾಲು ಬಿಟ್ಟಿದ್ದೇವೆಯೇ ಎಂಬ ಲೆಕ್ಕವೂ ಬೇಕು.

ಆ ಲೆಕ್ಕ ಇಲ್ಲಿ ಕೂತಿರುವ ನನ್ನಂಥವರಿಗೆ ಹತ್ತಿರದ್ದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಮೂರನೇ ತಲೆಮಾರಿನ ರಾಮ ಪಟ್ಟಣದಲ್ಲಿ ಓದಿ ಮತ್ತೆ ಊರಿಗೆ ಬರುತ್ತಾನೆ. ನಮ್ಮಲ್ಲಿ ಬಹಳ ಜನ ಹಾಗೆ ಬರಲಾರೆವು, ಅದು ನಿಜ. ನಮ್ಮ ಹೊಲಗಳು ಲೀಸಿಗೆ ಹೋಗಿವೆ. ವರ್ಷಕ್ಕೊಬ್ಬರಂತೆ ಲೀಸು ಬದಲಾದರೆ ಮಾಡುವವನು ತಿಪ್ಪೆಗೊಬ್ಬರ ಯಾಕೆ ಹಾಕುತ್ತಾನೆ? ಬದು ಯಾಕೆ ಹಾಕುತ್ತಾನೆ? ಮುಂದಿನ ವರ್ಷ ಹೊಲ ಅವನದಲ್ಲ. ಅವನನ್ನು ದೂರುವಂತಿಲ್ಲ. ದೂರದಲ್ಲಿ ಕೂತು ಫೋನ್‌ಪೇಯಲ್ಲಿ ಹಣ ತೆಗೆದುಕೊಳ್ಳುವ ನಾವು ಹಾಲು ಹಿಂಡುತ್ತಿದ್ದೇವೆ, ಕರು ಯಾರಿಗೂ ನೆನಪಿಲ್ಲ. ಈ ವರ್ಷ ನಮ್ಮ ಮನೆಯಲ್ಲಿ ಅಪ್ಪ, ಅಣ್ಣ, ನಾನು ಕೂತು ಮಾತಾಡಿ, ಹೊಲ ಮಾಡುವವರಿಗೆ ಐದು ವರ್ಷ ಬಿಡಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ. ಹಣ ಸ್ವಲ್ಪ ಕಡಿಮೆ, ಅದಕ್ಕೆ ಬದಲಾಗಿ ಗೊಬ್ಬರ ಮತ್ತು ಬದುವಿನ ಕೆಲಸ ಆಗಬೇಕು. ಇದು ಸರಿಹೋಗುತ್ತದೆಯೋ ಇಲ್ಲವೋ ಐದು ವರ್ಷದ ಮೇಲೆ ಮಣ್ಣೇ ಹೇಳಬೇಕು. ಹೊಲ ಲೀಸಿಗೆ ಕೊಟ್ಟಿರುವ ಗೆಳೆಯರು ನಿಮ್ಮ ಮನೆಯಲ್ಲೂ ಈ ಮಾತು ತೆಗೆಯಿರಿ ಎಂಬುದು ನನ್ನ ಮೊದಲ ಬೇಡಿಕೆ.

ಎರಡನೆಯದು ಶಾಲೆಗೆ. ನನ್ನ ವೃತ್ತಿಯಲ್ಲಿ ಒಂದು ನಿಯಮವಿದೆ: ಅಳೆಯದೇ ಇರುವುದನ್ನು ಕಾಪಾಡಲು ಆಗುವುದಿಲ್ಲ. ವಿಜ್ಞಾನ ಶಿಕ್ಷಕರ ಮಾರ್ಗದರ್ಶನದಲ್ಲಿ ಒಂದು ನೋಟ್‌ಬುಕ್ ಇಡಿ. ಪ್ರತಿ ಅಮಾವಾಸ್ಯೆಗೆ ಊರಿನ ನಾಲ್ಕು ಬಾವಿಗಳ ನೀರಿನ ಮಟ್ಟ, ವರ್ಷಕ್ಕೊಮ್ಮೆ ನಾಲ್ಕು ಹೊಲಗಳ ಮಣ್ಣಿನ ಪರೀಕ್ಷೆ. ಹಗ್ಗ, ಕಲ್ಲು, ಅಳತೆ ಪಟ್ಟಿ ಸಾಕು, ದುಡ್ಡು ಬೇಕಾಗಿಲ್ಲ. ಮಣ್ಣಿನ ಪರೀಕ್ಷೆಯ ಖರ್ಚು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಸಂದೇಹ ಬಂದರೆ ಕೇಳಬಹುದು. ಈ ಶಾಲೆಗೆ ನೂರು ವರ್ಷ ತುಂಬುವ ಹೊತ್ತಿಗೆ ನಿಮ್ಮ ಕೈಯಲ್ಲಿ ಐವತ್ತು ವರ್ಷದ ಲೆಕ್ಕ ಇರುತ್ತದೆ. ಇಲ್ಲಿ ಕುಳಿತಿರುವ ಎಂಟನೇ ತರಗತಿಯ ಮಕ್ಕಳೇ ಆಗ ವೇದಿಕೆಯ ಮೇಲಿರುತ್ತಾರೆ. ಬಾವಿಯ ನೀರು ಮೇಲೆ ಬಂತೋ ಕೆಳಗೆ ಹೋಯಿತೋ ಎಂದು ಅವರು ಆ ನೋಟ್‌ಬುಕ್ ತೆರೆದು ಓದಿ ಹೇಳಲಿ.