ಮನೆ ಸರ್ವರ್‌ಗೆ ಬೀದಿ ಬಾಗಿಲು ಬೇಡ

ಇವತ್ತು ನಾನೇ ಮಾಡ್ಕೊಂಡ ಒಂದು ಎಡವಟ್ಟಿನ ಕಥೆ.

ನನ್ನ ಪಾಡ್‌ಕಾಸ್ಟ್‌ನ ಆಡಿಯೊ ಎಲ್ಲ ಇರೋದು ತುಮಕೂರಿನ ಮನೆಯಲ್ಲಿರೋ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ. ಲಿನಕ್ಸ್ ಹಾಕಿ ಅದನ್ನೇ ಸರ್ವರ್ ಮಾಡಿದ್ದೆ. ತೀರಿಹೋದ ನಮ್ಮಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್ ಕೂಡ ಅದರಲ್ಲೇ. ಬೇರೆ ಕಾಪಿ ಇರಲಿಲ್ಲ. ಬೆಂಗಳೂರಿನ ರೂಮಿನಿಂದ ಫೈಲ್ ತೆಗೆಯೋಕೆ ಅಂತ ರೌಟರ್‌ನಲ್ಲಿ 22ನೇ ಪೋರ್ಟ್ ತೆರೆದಿಟ್ಟೆ. ಪಾಸ್‌ವರ್ಡ್? ನನ್ನ ಹೆಸರು, ಹುಟ್ಟಿದ ವರ್ಷ!

ಓದಿದ್ದು ಬಿಕಾಂ, ಲೆಕ್ಕದ ಪುಸ್ತಕ ತಿರುವಿ ನೋಡೋ ಚಟ. ಒಂದಿನ ಸರ್ವರ್‌ನ ಲಾಗ್ ತೆರೆದೆ. ರೂಟ್, ಅಡ್ಮಿನ್, ಟೆಸ್ಟ್ ಅಂತ ಒಂದೊಂದೇ ಹೆಸರಲ್ಲಿ ಯಾರೋ ಲಾಗಿನ್ ಆಗೋಕೆ ನೋಡ್ತಾನೇ ಇದ್ದಾರೆ. ಪುಟಗಟ್ಟಲೆ! ಯಶಸ್ವಿಯಾದ ಲಾಗಿನ್‌ಗಳೆಲ್ಲ ನನ್ನವೇ ಆಗಿದ್ದವು. ಆದ್ರೂ ಕೈ ತಣ್ಣಗಾಯ್ತು.

ನಮ್ಮನೆ ವಿಳಾಸ ಅವರಿಗೆ ಹೇಗೆ ಗೊತ್ತಾಯ್ತು? ಗೊತ್ತಾಗಬೇಕಾಗೇ ಇಲ್ಲ. ಐಪಿವಿ4ನಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಒಂದೇ ಕಂಪ್ಯೂಟರ್‌ನಿಂದ ಆ ಇಡೀ ಇಂಟರ್ನೆಟ್‌ನ ಒಂದು ಪೋರ್ಟನ್ನ 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ಝಡ್‌ಮ್ಯಾಪ್ ಅನ್ನೋ ಟೂಲ್‌ನಿಂದ ತೋರಿಸಿದ್ರು. ಅಂದ್ರೆ ನಿಮ್ಮನ್ನ ಯಾರೂ ಆರಿಸ್ಕೊಂಡಿಲ್ಲ. ಬಾಟ್‌ಗಳು ಎಲ್ಲರ ಬಾಗಿಲನ್ನೂ ತಟ್ಟುತ್ವೆ.

ನಾನು ಮಾಡಿದ್ದು ಮೂರು ಕೆಲಸ.

ಒಂದು, ಆ ಪೋರ್ಟ್ ಮುಚ್ಚಿ ವೈರ್‌ಗಾರ್ಡ್ ಹಾಕಿದೆ. ಇದು ವಿಪಿಎನ್. ಇದಕ್ಕೂ ಒಂದು ಯುಡಿಪಿ ಪೋರ್ಟ್ ಬೇಕು, ನಿಜ. ಆದರೆ ಸರಿಯಾದ ಕೀ ಇಲ್ಲದವರು ತಟ್ಟಿದ್ರೆ ಇದು ಉತ್ತರವನ್ನೇ ಕೊಡಲ್ಲ. ನಿಮ್ಮ ಕನೆಕ್ಷನ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ವಾ? ಟೇಲ್‌ಸ್ಕೇಲ್ ನೋಡಿ. ಅದರೊಳಗೂ ಇರೋದು ವೈರ್‌ಗಾರ್ಡೇ.

ಎರಡು, ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕೀ. ಹಳೇ ವಿಂಡೋ ಮುಚ್ಚದೆ, ಇನ್ನೊಂದು ವಿಂಡೋದಲ್ಲಿ ಕೀ ಕೆಲಸ ಮಾಡ್ತಿದೆಯಾ ನೋಡಿ. ಆಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ. ಇಲ್ಲದಿದ್ರೆ ನೀವೇ ಹೊರಗೆ ಉಳೀತೀರಾ. ಸರಿ ಮಾಡೋಕೆ ಬಸ್ ಹತ್ತಿ ಊರಿಗೇ ಹೋಗಬೇಕು!

ಮೂರು, ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಆಗೋ ಹಾಗೆ ಇಟ್ಟೆ. ಜೊತೆಗೆ ಎಲ್ಲವನ್ನೂ ಒಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಸರ್ವರ್‌ನಿಂದ ಬಿಚ್ಚಿಟ್ಟೆ. ಅಜ್ಜಿಯ ಧ್ವನಿ ಈಗ ಅಮ್ಮನ ಬೀರುವಿನಲ್ಲೂ ಇದೆ.

ಇವತ್ತು ಮಲಗೋ ಮುಂಚೆ ರೌಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟ ಒಮ್ಮೆ ತೆರೆದು ನೋಡಿ. ಯಾವಾಗ್ಲೋ ತೆರೆದು ಮರೆತದ್ದು ಸಿಕ್ಕಿದ್ರೆ ಮುಚ್ಚಿಬಿಡಿ. ಮುಂದಿನ ವಾರ ಸಿಗೋಣ.